ಕೆಣಕಿದ್ದು ಯಾರು?

ನಿಮ್ಮ ಪತ್ರದ ಪ್ರಶ್ನೆ ಇದು: ಫೋರ್ಡ್ ಕಂಪನಿಯ ಎರಡನೇ ಹೆನ್ರಿ ಫೋರ್ಡ್ ತಮ್ಮ ಹೊಸ ಎಂಜಿನ್ ಕಾರ್ಖಾನೆ ತೋರಿಸುತ್ತಾ, ಈ ಯಂತ್ರಗಳ ಹತ್ತಿರ ಯೂನಿಯನ್ ಚಂದಾ ಹೇಗೆ ವಸೂಲಿ ಮಾಡ್ತೀರಿ ಎಂದು ಕಾರ್ಮಿಕ ನಾಯಕ ವಾಲ್ಟರ್ ರೂಥರ್ ಅವರನ್ನು ಕೆಣಕಿದರಂತೆ. ಇವಕ್ಕೆ ಕಾರು ಹೇಗೆ ಮಾರ್ತೀರಿ ಎಂದು ರೂಥರ್ ತಿರುಗಿಸಿ ಕೇಳಿದರಂತೆ. ಇದು ನಿಜವಾ? ಆ ಕಾರ್ಖಾನೆ ಈಗಲೂ ಇದೆಯಾ?

ಮೊದಲನೆಯದು ಅರ್ಧ ನಿಜ. 1950ರ ದಶಕದಲ್ಲಿ ರೂಥರ್ ತಾವೇ ಈ ಪ್ರಸಂಗ ಹೇಳಿಕೊಂಡಿದ್ದಾರೆ. ಆದರೆ ಅವರು ಹೇಳಿದಂತೆ ಕೆಣಕಿದವರು ಕಂಪನಿಯ ಒಬ್ಬ ಅಧಿಕಾರಿ, ಅಷ್ಟೇ. ಮಾಲೀಕರ ಹೆಸರು ಆಮೇಲೆ ಅಂಟಿಕೊಂಡಿದ್ದು. ದೊಡ್ಡವರಿಗೆ ಕೊಟ್ಟ ಉತ್ತರ ಅಂದ್ರೆ ಕೇಳೋಕೆ ಮಜಾ ಜಾಸ್ತಿ, ಅಲ್ವಾ?

ಕಾರ್ಖಾನೆ ಮಾತ್ರ ಕಟ್ಟುಕಥೆಯಲ್ಲ. ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕ್ಲೀವ್‌ಲ್ಯಾಂಡ್ ನಗರಕ್ಕೆ ಅಂಟಿಕೊಂಡ ಬ್ರೂಕ್ ಪಾರ್ಕ್‌ನಲ್ಲಿ 1951ರಲ್ಲಿ ಅದು ಶುರುವಾಯಿತು. ಮೊದಲು ತಯಾರಾಗಿದ್ದು ಆರು ಸಿಲಿಂಡರಿನ ಎಂಜಿನ್. ನೋಡಿದವರು ಬೆರಗಾಗಿದ್ದು ಎಂಜಿನ್ ಕಂಡಲ್ಲ, ಅದು ತಯಾರಾಗುವ ಬಗೆ ಕಂಡು. ಎರಕ ಹೊಯ್ದ ಕಬ್ಬಿಣದ ಬ್ಲಾಕ್ ಸಾಲಿನ ಒಂದು ತುದಿಯಲ್ಲಿ ಒಳಗೆ ಹೋಗುತ್ತದೆ. ಯಂತ್ರ ಅದನ್ನು ಬಿಗಿಯಾಗಿ ಹಿಡಿಯುತ್ತದೆ. ಎರಡೂ ಕಡೆಯಿಂದ ಡ್ರಿಲ್‌ಗಳು ಒಟ್ಟಿಗೆ ನುಗ್ಗಿ ತೂತು ಕೊರೆದು ಹಿಂದೆ ಸರಿಯುತ್ತವೆ. ಬ್ಲಾಕ್ ತಾನಾಗಿಯೇ ಮುಂದಿನ ಯಂತ್ರಕ್ಕೆ ಜಾರುತ್ತದೆ. ಭಾರದ ಬ್ಲಾಕನ್ನು ಎತ್ತಿ, ಹೊರಳಿಸಿ, ಕೂರಿಸುವ ಕೈಗಳು ಅಲ್ಲಿ ಬೇಕಿರಲಿಲ್ಲ. ಗಂಟೆಗೆ 154 ಬ್ಲಾಕ್ ಮುಗಿಸಲು 41 ಜನ ಸಾಕು, ಹಳೆಯ ರೀತಿಯಲ್ಲಾದರೆ 117 ಜನ ಬೇಕಿತ್ತು ಅನ್ನೋದು ಆಗ ಓಡಾಡುತ್ತಿದ್ದ ಲೆಕ್ಕ.

ಹೊಗಳುವವರು ಬಿಟ್ಟುಬಿಡುವ ಒಂದು ವಿಷಯವೂ ಇದೆ. ಇಂಥ ಸಾಲಿನಲ್ಲಿ ಒಂದು ಡ್ರಿಲ್ ಮುರಿದರೂ ಹಿಂದೆ ಮುಂದೆ ಎಲ್ಲವೂ ನಿಲ್ಲುತ್ತದೆ. ಅದಕ್ಕೇ ಯಾವ ಡ್ರಿಲ್ ಎಷ್ಟು ತೂತು ಕೊರೆಯಿತು ಎಂದು ಎಣಿಸಿ, ಮೊಂಡಾಗುವ ಮೊದಲೇ ಬದಲಿಸುವ ಏರ್ಪಾಡು ಬಂತು. ಎಂಜಿನ್ನಿನ ಅಳತೆ ಬದಲಾದರಂತೂ ಖರ್ಚು ಕೇಳಲೇಬೇಡಿ. ಒಂದೇ ಎಂಜಿನ್‌ಗೆಂದು ಕಟ್ಟಿದ ಸಾಲು ಸುಲಭಕ್ಕೆ ಬಗ್ಗುವುದಿಲ್ಲ.

ರೂಥರ್ ಬರೀ ಚುರುಕು ಮಾತಿನ ಮನುಷ್ಯನಲ್ಲ. 1937ರಲ್ಲಿ ಡಿಯರ್‌ಬಾರ್ನ್‌ನ ಫೋರ್ಡ್ ಕಾರ್ಖಾನೆಯ ಬಾಗಿಲಲ್ಲೇ ಕಂಪನಿಯ ಆಳುಗಳಿಂದ ಒದೆ ತಿಂದವರು. ಅವರ ಯೂನಿಯನ್ ಯಂತ್ರ ಬೇಡ ಅನ್ನಲಿಲ್ಲ. ವರ್ಷಪೂರ್ತಿ ಸಂಬಳದ ಖಾತ್ರಿ ಕೊಡಿ ಎಂದು ಕೇಳಿತು. 1955ರ ಜೂನ್‌ನಲ್ಲಿ ಫೋರ್ಡ್ ಅದಕ್ಕೆ ಪೂರ್ತಿ ಒಪ್ಪಲಿಲ್ಲ. ಬದಲಿಗೆ ಗಂಟೆಯ ದುಡಿಮೆಗೆ 5 ಸೆಂಟ್‌ನಂತೆ ಒಂದು ನಿಧಿಗೆ ಹಾಕಲು ಒಪ್ಪಿತು. ಕೆಲಸವಿಲ್ಲದೆ ಮನೆಗೆ ಹೋದವರಿಗೆ ಸರ್ಕಾರದ ಭತ್ಯೆಯ ಮೇಲೆ ಈ ನಿಧಿಯಿಂದ ಇನ್ನಷ್ಟು ಸಿಗುತ್ತಿತ್ತು. ನಿಮ್ಮ ಪತ್ರದಲ್ಲಿರುವ ಚಟಾಕಿಗಿಂತ ನನಗೆ ಈ ಒಪ್ಪಂದವೇ ದೊಡ್ಡದಾಗಿ ಕಾಣುತ್ತದೆ. ಆದರೆ ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ಬಿಡಿ.

ಇನ್ನು ಎರಡನೇ ಪ್ರಶ್ನೆ. ಹೌದು, ಇದೆ. ಹಳೆ ಕಾರುಗಳ ಹುಚ್ಚಿನವರು '351 ಕ್ಲೀವ್‌ಲ್ಯಾಂಡ್' ಎಂದು ಕರೆಯುವ ವಿ8 ಎಂಜಿನ್‌ಗೆ ಆ ಹೆಸರು ಬಂದಿದ್ದು ಈ ಊರಿನಿಂದಲೇ. ನೀವು ಕೇಳಿದ ಆ ಮೊದಲನೇ ಕಾರ್ಖಾನೆ 2007ರಲ್ಲಿ ಬಾಗಿಲು ಹಾಕಿತ್ತು, 2009ರಲ್ಲಿ ಇಕೋಬೂಸ್ಟ್ ಎಂಬ ಹೊಸ ಎಂಜಿನ್‌ಗಾಗಿ ಮತ್ತೆ ತೆರೆಯಿತು. ಪಕ್ಕದ ಎರಕದ ಕಾರ್ಖಾನೆ 2010ರಲ್ಲಿ, ಎರಡನೇ ಎಂಜಿನ್ ಕಾರ್ಖಾನೆ 2012ರಲ್ಲಿ ಮುಚ್ಚಿದವು.

– ಸಂ.