ಮೇಕೆಗೆ ಕಾಯಿಲೆ ಬಂದಿದೆ ಎಂದು ಗುರುತಿಸುವುದು ಹೇಗೆ, ಮೊದಲು ಏನು ಮಾಡಬೇಕು?

ಮೇಕೆ ಮಂದೆಯಿಂದ ದೂರ ನಿಂತು, ಮೇವು ಬಿಟ್ಟು, ಮೆಲುಕು ಹಾಕುವುದನ್ನೂ ನಿಲ್ಲಿಸಿದ್ದರೆ ಅದಕ್ಕೆ ಆರೋಗ್ಯ ಸರಿಯಿಲ್ಲವೆಂದೇ ತಿಳಿಯಬೇಕು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್ ಸಾಮಾನ್ಯವಾಗಿದ್ದು, ಬಿಸಿಲಿನಲ್ಲಿ ತುಸು ಏರಬಹುದು. ಮೈ ತಣ್ಣಗಾಗಿ 38ಕ್ಕಿಂತ ಕೆಳಗಿಳಿಯುವುದು ಜ್ವರದಷ್ಟೇ ಗಂಭೀರ.

ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಒಳಪೊರೆಯ ಬಣ್ಣ ನೋಡುವುದನ್ನು ಯಾರೂ ತಪ್ಪಿಸಬಾರದು ಎಂಬುದು ನನ್ನ ಅಭಿಪ್ರಾಯ. ಅದು ಕೆಂಪಗಿರದೆ ಕಾಗದದಂತೆ ಬಿಳಿಚಿಕೊಂಡಿದ್ದು, ಗದ್ದದ ಕೆಳಗೆ ನೀರು ತುಂಬಿದಂಥ ಮೆತ್ತನೆಯ ಊತವೂ ಇದ್ದರೆ, ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳುಗಳಿರುವ ಸಾಧ್ಯತೆಯೇ ಹೆಚ್ಚು. ಆಗ ಹಿಕ್ಕೆಯನ್ನು ಪರೀಕ್ಷೆಗೆ ಕೊಟ್ಟು, ಮೇಕೆಯ ತೂಕಕ್ಕೆ ತಕ್ಕ ಪ್ರಮಾಣದಲ್ಲಿಯೇ ಔಷಧಿ ಹಾಕಿಸಬೇಕು. ಪ್ರಮಾಣ ಕಡಿಮೆಯಾದರೆ ಹುಳುಗಳು ಔಷಧಿಗೆ ಬಗ್ಗದಂತಾಗುತ್ತವೆ.

ಕಾಯಿಲೆ ಯಾವುದೇ ಇರಲಿ, ಮೇಕೆಯನ್ನು ಮಂದೆಯಿಂದ ಬೇರ್ಪಡಿಸಿ ನೆರಳಿನಲ್ಲಿ ಕಟ್ಟಿ, ಕಾಳು ಹಿಂಡಿ ನಿಲ್ಲಿಸಿ, ಒಣಮೇವು ಮತ್ತು ಶುದ್ಧ ನೀರನ್ನು ಮುಂದಿಡಿ. ನುಂಗಲಾರದ ಮೇಕೆಯ ಬಾಯಿಗೆ ದಯವಿಟ್ಟು ಏನನ್ನೂ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಡಪಕ್ಕೆ ಬಿಗಿಯಾಗಿ ಉಬ್ಬಿ ಉಸಿರಾಟ ಕಷ್ಟವಾಗಿದ್ದರೆ, ಅಥವಾ ಮೇಕೆ ಏಳಲಾರದಿದ್ದರೆ, ತಡಮಾಡದೆ ಪಶುವೈದ್ಯರನ್ನು ಕರೆಸಿ.