ಅಮ್ಮನಿಗೆ ಕ್ಯಾಪಿಟಲ್ ಯಾವಾಗ?

ಪ್ರಶ್ನೆ: ಸ್ಕಾಲರ್‌ಶಿಪ್‌ಗೆ ಇಂಗ್ಲಿಷ್‌ನಲ್ಲಿ ಅರ್ಜಿ ಬರೆದೆ. ಮದರ್, ಟೀಚರ್, ಯೂನಿವರ್ಸಿಟಿ, ಮ್ಯಾಥಮ್ಯಾಟಿಕ್ಸ್ ಎಲ್ಲಕ್ಕೂ ಮೊದಲ ಅಕ್ಷರ ಕ್ಯಾಪಿಟಲ್ ಹಾಕಿದ್ದೆ. ಗೆಳತಿ ಎಲ್ಲವನ್ನೂ ಸ್ಮಾಲ್ ಮಾಡಿಕೊಟ್ಟಳು. ಒಂದು ಕಡೆ ಮಾತ್ರ ಯೂನಿವರ್ಸಿಟಿಯನ್ನು ಹಾಗೇ ಬಿಟ್ಟಳು. ಇದಕ್ಕೊಂದು ನಿಯಮ ಇದೆಯೇ?

ಉತ್ತರ: ಇದೆ. ನಿಮ್ಮ ಗೆಳತಿ ಸರಿಯಾಗಿಯೇ ತಿದ್ದಿದ್ದಾರೆ.

ಈ ತಪ್ಪು ನಾನೂ ಮಾಡಿದ್ದೇನೆ. ಪ್ರೂಫ್ ನೋಡುವ ಕೆಲಸಕ್ಕೆ ಸೇರಿದ ಹೊಸತು. ಅಕ್ಷರದ ಕೆಳಗೆ ಮೂರು ಗೆರೆ ಎಳೆದರೆ ಅದನ್ನು ಕ್ಯಾಪಿಟಲ್ ಮಾಡಬೇಕು ಅಂತ ಅರ್ಥ. ಅಕ್ಷರದ ಮೇಲೆ ಓರೆಗೆರೆ ಹೊಡೆದರೆ ಸ್ಮಾಲ್ ಮಾಡಬೇಕು. ನಾನು ಕಂಡ ಕಂಡ ಟೀಚರ್‌ಗೆಲ್ಲ ಮೂರು ಗೆರೆ ಎಳೆದಿದ್ದೆ. ಹಾಳೆ ಹಿರಿಯರೊಬ್ಬರ ಮೇಜಿನಿಂದ ವಾಪಸ್ ಬಂತು. ಪ್ರತಿಯೊಂದರ ಮೇಲೂ ಕೆಂಪು ಓರೆಗೆರೆ. ಅಂಚಿನಲ್ಲಿ ಎರಡೇ ಪದ: 'ಯಾವ ಟೀಚರ್?'

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನುವುದೇ ಇಲ್ಲ. ಗೌರವ ತೋರಿಸಲು ನಮಗೆ 'ಅವರು' ಇದೆ, 'ಬಂದರು' ಇದೆ. ಇಂಗ್ಲಿಷ್ ಬರೆಯಲು ಕೂತ ಕೂಡಲೇ ಆ ಗೌರವವನ್ನು ಕ್ಯಾಪಿಟಲ್‌ನಲ್ಲಿ ಹುಡುಕುತ್ತೇವೆ. ಗುರು ದೊಡ್ಡವರು, ಹಾಗಾಗಿ ಅಕ್ಷರವೂ ದೊಡ್ಡದಾಗಲಿ ಅಂತ ಕೈ ತಾನೇ ಬರೆದುಬಿಡುತ್ತದೆ. ಶಾಲೆಯಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಓದಿದ್ದೀರಿ ಅಲ್ವಾ? ನದಿ ರೂಢನಾಮ. ನೈಲ್ ಅಂಕಿತನಾಮ. ಶಿಕ್ಷಕ, ವೈದ್ಯ ಅನ್ವರ್ಥನಾಮ. ಇಂಗ್ಲಿಷ್‌ನಲ್ಲಿ ಕ್ಯಾಪಿಟಲ್ ಸಿಗುವುದು ಅಂಕಿತನಾಮಕ್ಕೆ. ಟೀಚರ್, ಡಾಕ್ಟರ್, ಮ್ಯಾನೇಜರ್ ಎಷ್ಟೇ ದೊಡ್ಡವರಾದರೂ ಸ್ಮಾಲ್ ಲೆಟರ್. ಹೆಸರಿನ ಹಿಂದೆ ಬಿರುದಿನಂತೆ ಅಂಟಿಕೊಂಡಾಗ ಮಾತ್ರ ಬೇರೆ: ಪ್ರೆಸಿಡೆಂಟ್ ಲಿಂಕನ್ ಅಂದರೆ ಎರಡಕ್ಕೂ ಕ್ಯಾಪಿಟಲ್.

ಯೂನಿವರ್ಸಿಟಿ ಉಳಿದದ್ದೂ ಹೀಗೇ. ಬರೀ 'ಎ ಯೂನಿವರ್ಸಿಟಿ' ಅಂದರೆ ಯಾವುದೋ ಒಂದು. 'ಯೂನಿವರ್ಸಿಟಿ ಆಫ್ ಆಕ್ಸ್‌ಫರ್ಡ್' ಅಂದಾಗ ಅದು ಹೆಸರಿನದೇ ತುಂಡು. ನಡುವಿನ 'ಆಫ್' ಮಾತ್ರ ಸ್ಮಾಲ್.

ಇನ್ನು ಅಮ್ಮ. 'ಮೈ ಮದರ್' ಎಂದು ಬರೆದರೆ ಸ್ಮಾಲ್. 'ಮದರ್, ಇಲ್ಲಿ ಬಾ' ಎಂದು ಕರೆದರೆ ಕ್ಯಾಪಿಟಲ್. ಅನುಮಾನ ಬಂದರೆ ಆ ಜಾಗದಲ್ಲಿ ಒಬ್ಬರ ಹೆಸರು ಇಟ್ಟು ಓದಿ ನೋಡಿ. ಕರೆಯುವಾಗ ಹೆಸರು ಸಲೀಸಾಗಿ ಕೂರುತ್ತದೆ. 'ಮೈ' ಆದಮೇಲೆ ಕೂರುವುದಿಲ್ಲ. ನಿಮ್ಮ ಅರ್ಜಿಯಲ್ಲಿ ಇದ್ದದ್ದು 'ಮೈ ಮದರ್' ಅಂತಲೇ ಇರಬೇಕು.

ಜಾಸ್ತಿ ಜನ ಎಡವುವುದು ವಿಷಯಗಳಲ್ಲಿ. ಮ್ಯಾಥಮ್ಯಾಟಿಕ್ಸ್, ಹಿಸ್ಟರಿ ಸ್ಮಾಲ್. ಇಂಗ್ಲಿಷ್, ಫ್ರೆಂಚ್ ಭಾಷೆಯ ಹೆಸರು, ಅವಕ್ಕೆ ಯಾವತ್ತೂ ಕ್ಯಾಪಿಟಲ್. ವಾರ, ತಿಂಗಳುಗಳಿಗೆ ಕ್ಯಾಪಿಟಲ್ ಇದೆ, ಸಮ್ಮರ್, ವಿಂಟರ್‌ನಂಥ ಋತುಗಳಿಗೆ ಇಲ್ಲ. ಇದಕ್ಕೆ ಕಾರಣ ಹುಡುಕಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ನೆನಪಿಟ್ಟುಕೊಳ್ಳಿ. ಒಂದು ಪದ ಮಾತ್ರ ನನಗೆ ಬಲು ಇಷ್ಟ. ಅದೇ ಆರು ಅಕ್ಷರ, ಪಿ ಸ್ಮಾಲ್ ಆದರೆ ಬೂಟಿಗೆ ಹಚ್ಚುವ ಪಾಲಿಶ್. ಪಿ ಕ್ಯಾಪಿಟಲ್ ಆದರೆ ಪೋಲೆಂಡಿನ ಪೋಲಿಶ್ ಭಾಷೆ. ಒಂದು ಅಕ್ಷರ ದೊಡ್ಡದಾದರೆ ಉಚ್ಚಾರವೇ ಬದಲಾಗುತ್ತದೆ!

ಹಳೆಯ ಬರಹಗಳಲ್ಲಿ ಬೇರೆ ಥರ ಕಂಡರೆ ಗಾಬರಿ ಬೇಡ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಲೈಫ್, ಲಿಬರ್ಟಿ, ಹ್ಯಾಪಿನೆಸ್ ಮೂರಕ್ಕೂ ಕ್ಯಾಪಿಟಲ್ ಇದೆ. ಆಗ ಮುಖ್ಯ ಅನ್ನಿಸಿದ ನಾಮಪದಕ್ಕೆ ಹಾಗೆ ಹಾಕುವ ರೂಢಿಯಿತ್ತು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಎಲ್ಲ ನಾಮಪದಕ್ಕೂ ಕ್ಯಾಪಿಟಲ್. ಡೆನ್ಮಾರ್ಕ್‌ನವರು ಅದನ್ನು 1948ರಲ್ಲಿ ಬಿಟ್ಟರು.

ಪ್ರಶ್ನೆ: ನ್ಯೂಟನ್, ವ್ಯಾಟ್ ವಿಜ್ಞಾನಿಗಳ ಹೆಸರು. ಮಗಳ ಭೌತಶಾಸ್ತ್ರದ ಪುಸ್ತಕದಲ್ಲಿ ಅವು ಸ್ಮಾಲ್ ಲೆಟರ್‌ನಲ್ಲಿವೆ. ಅಚ್ಚಿನ ತಪ್ಪೇ?

ಉತ್ತರ: ಅಲ್ಲ. ಐಸಾಕ್ ನ್ಯೂಟನ್ ಒಬ್ಬರೇ. ಅಳತೆಯ ನ್ಯೂಟನ್ ಹತ್ತೂ ಆಗಬಹುದು, ನೂರೂ ಆಗಬಹುದು. ಎಣಿಸುವ ವಸ್ತುವಾದ ಮೇಲೆ ಅದು ರೂಢನಾಮದ ಸಾಲಿಗೆ ಬಂತು. ಪೂರ್ತಿ ಪದ ಬರೆದಾಗ ಸ್ಮಾಲ್, ಸಂಕೇತ ಬರೆದಾಗ ಎನ್, ಡಬ್ಲ್ಯೂ ಕ್ಯಾಪಿಟಲ್. ಮಗಳಿಗೆ ಒಂದನ್ನು ಬೇರೆಯಾಗಿ ಹೇಳಿಕೊಡಿ: 'ಡಿಗ್ರಿ ಸೆಲ್ಸಿಯಸ್'. ಅಲ್ಲಿ ಡಿಗ್ರಿ ಸ್ಮಾಲ್, ಸೆಲ್ಸಿಯಸ್ ಕ್ಯಾಪಿಟಲ್.