ಪೋರ್ಟ್ ಫಾರ್ವರ್ಡ್ ಮಾಡಿದರೂ ಸೈಟ್ ಹೊರಗಿನಿಂದ ತೆರೆಯದಿದ್ದರೆ

ಮನೆಯ ಕಂಪ್ಯೂಟರಿನಲ್ಲೇ ವೆಬ್‌ಸೈಟ್ ಇಟ್ಟು, ಹೊರಗಿನ ಕೋರಿಕೆ ಅದಕ್ಕೆ ತಲುಪುವಂತೆ ರೂಟರಿನಲ್ಲಿ ದಾರಿ ಮಾಡಿಕೊಟ್ಟರೂ (ಇದೇ ಪೋರ್ಟ್ ಫಾರ್ವರ್ಡ್) ಸೈಟ್ ತೆರೆಯದಿದ್ದರೆ, ನಿಮ್ಮ ಲೈನ್ ಬಹುಶಃ ಸಿಜಿನ್ಯಾಟ್ ಹಿಂದಿದೆ. ಅಂದರೆ ಇಂಟರ್‌ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು (ಇಂಟರ್‌ನೆಟ್‌ನಲ್ಲಿ ಕಾಣುವ ವಿಳಾಸ) ಹಲವು ಮನೆಗಳಿಗೆ ಹಂಚಿದೆ. ಹಾಗಿದ್ದರೆ ನಿಮ್ಮ ರೂಟರಿನಲ್ಲಿ ವೆಬ್‌ಸೈಟಿನ 80, 443 ಪೋರ್ಟ್ ಫಾರ್ವರ್ಡ್ ಸರಿಯಾಗಿಯೇ ಇದ್ದರೂ ಹೊರಗಿನ ಕೋರಿಕೆ ಕಂಪನಿಯ ಉಪಕರಣದಲ್ಲೇ ನಿಂತುಬಿಡುತ್ತದೆ.

ಮೊದಲು ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಕಂಪನಿಯ ಕಡೆಯಿಂದ ರೂಟರಿಗೆ ಸಿಕ್ಕ ವಿಳಾಸ) ನೋಡಿ. ಆಮೇಲೆ ಬ್ರೌಸರಿನಲ್ಲಿ 'ನನ್ನ ಐಪಿ ಯಾವುದು' ಎಂದು ಹುಡುಕಿ, ಎರಡನ್ನೂ ಹೋಲಿಸಿ. ಬೇರೆ ಬೇರೆ ಇದ್ದರೆ ನಡುವೆ ಇನ್ನೊಂದು ಉಪಕರಣ ವಿಳಾಸ ಬದಲಿಸುತ್ತಿದೆ ಎಂದರ್ಥ. ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಸಿಜಿನ್ಯಾಟ್ ಖಚಿತ. 10 ಅಥವಾ 192.168 ಇದ್ದರೆ, ಮೊದಲು ಕಂಪನಿಯ ಫೈಬರ್ ಪೆಟ್ಟಿಗೆಯೇ ಇನ್ನೊಂದು ರೂಟರಾಗಿ ಕೆಲಸ ಮಾಡುತ್ತಿದೆಯೇ ನೋಡಿ; ಆಗ ಅದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನು ದಾಟಿಸುವುದಷ್ಟೇ) ಹಾಕಿದರೆ ಸಾಕಾಗಬಹುದು.

ಪರೀಕ್ಷೆಯನ್ನು ಮನೆಯ ವೈಫೈನಿಂದ ಮಾಡಬೇಡಿ, ಮೊಬೈಲ್ ಡೇಟಾದಿಂದ ಮಾಡಿ. ಎಷ್ಟೋ ರೂಟರುಗಳು ಒಳಗಿನಿಂದ ತಮ್ಮದೇ ಪಬ್ಲಿಕ್ ಐಪಿಗೆ ಹೋಗಲು ಬಿಡುವುದಿಲ್ಲ, ಸುಮ್ಮನೆ ದಾರಿ ತಪ್ಪುತ್ತೀರಿ.

ಸಿಜಿನ್ಯಾಟ್ ಆಗಿದ್ದರೆ ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್ (ಬದಲಾಗದ) ಪಬ್ಲಿಕ್ ಐಪಿ ಕೇಳಿ. ಒಳಬರುವ 80, 443 ಪೋರ್ಟ್ ತೆರೆದಿರುತ್ತವೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ, ಇದನ್ನು ಮರೆಯಬೇಡಿ. ಐಪಿ ಬದಲಾಗುವ ಹಿಂದಿನ ದಿನವೇ ಡೊಮೇನ್ ಹೆಸರನ್ನು ಐಪಿಗೆ ಜೋಡಿಸುವ ಎ ರೆಕಾರ್ಡಿನ ಟಿಟಿಎಲ್ (ಆ ವಿಳಾಸವನ್ನು ಬೇರೆ ಕಂಪ್ಯೂಟರುಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡ್ ಮಾಡಿಡಿ. ಇಲ್ಲವಾದರೆ ಹಳೆಯ ವಿಳಾಸ ಗಂಟೆಗಟ್ಟಲೆ ಉಳಿದಿರಬಹುದು.

ನಿಮ್ಮ ಲೈನಿನಲ್ಲಿ ಐಪಿವಿ6 (ಹೊಸ ಬಗೆಯ ಐಪಿ ವಿಳಾಸ; ಹಳೆಯದು ಐಪಿವಿ4) ಇದ್ದರೆ ಡೊಮೇನ್‌ಗೆ ಅದರ ಎಎಎಎ ರೆಕಾರ್ಡ್ ಹಾಕಿ ರೂಟರಿನ ಫೈರ್‌ವಾಲಿನಲ್ಲಿ ಅನುಮತಿ ಕೊಡಬಹುದು. ಆದರೆ ಐಪಿವಿ4 ಮಾತ್ರ ಇರುವವರಿಗೆ ಸೈಟ್ ಕಾಣುವುದಿಲ್ಲ. ವ್ಯಾಪಾರದ ಸೈಟ್ ಆಗಿದ್ದರೆ ಇಷ್ಟೆಲ್ಲ ಬೇಡ, ಸಣ್ಣ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ತೆಗೆದುಕೊಳ್ಳಿ. ಅದಕ್ಕೆ ಸಾಮಾನ್ಯವಾಗಿ ಸ್ವಂತ ಪಬ್ಲಿಕ್ ಐಪಿ ಜೊತೆಗೇ ಬರುತ್ತದೆ.

ಎರಡೂ ಐಪಿ ಒಂದೇ ಇದ್ದು ಸೈಟ್ ತೆರೆಯದಿದ್ದರೆ ಹೊರಗಿನ 8080ನ್ನು ಒಳಗಿನ 80ಕ್ಕೆ ಫಾರ್ವರ್ಡ್ ಮಾಡಿ ನೋಡಿ. ಅದು ತೆರೆದರೆ ಕಂಪನಿ 80ನ್ನು ತಡೆದಿರುವ ಸಾಧ್ಯತೆಯೇ ಹೆಚ್ಚು.